ಇಳಿತದ ಹೊತ್ತಿನ ಲೆಕ್ಕ

ಏಪ್ರಿಲ್ ಹನ್ನೆರಡಾದರೂ ಚಳಿ ಬಿಟ್ಟಿಲ್ಲ
ಮೇನ್ ಸೀಮೆಯ ವಿಸ್ಕ್ಯಾಸೆಟ್ಟಿನಲ್ಲಿ.
ಒಡೆಟ್ ಪೆಲ್ಟಿಯೆ, ಅಡುಗೆಮನೆಯ ಮೇಜಿನ ಮೇಲೆ
ತಂಗಿಯ ಮಗಳು ಕೊಟ್ಟುಹೋದ ಲ್ಯಾಪ್‌ಟಾಪ್ ತೆರೆದು,
ಉಗುರಸಂದಿಯ ಕಪ್ಪು ಕೀಲಿಗೆ ಮೆತ್ತೀತೆಂದು
ತೋರುಬೆರಳೊಂದನ್ನೇ ಉಜ್ಜಿ ತೊಳೆದು
ಕೂತಿದ್ದಾಳೆ.

ನಮಸ್ಕಾರ ಒಡೆಟ್, ಅನ್ನುತ್ತದೆ ತೆರೆ.
ಈ ವರ್ಷ ನಿಮ್ಮ ಬದುಕಿನಲ್ಲಿ ಏನೇನು ಬದಲಾಯಿತು?
ಮದುವೆ? ಮಗು? ಮನೆ?
ಖಾಲಿ ಚೌಕಗಳು ಸಾಲಾಗಿ ನಿಂತಿವೆ.
ಕ್ಲೇಟನ್ ಸತ್ತ, ಎಂಬುದಕ್ಕೆ ಚೌಕವಿಲ್ಲ.
ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಮೂವತ್ತೊಂದು ವರ್ಷ
ಅವಳ ಲೆಕ್ಕ ಬರೆದವನು.
ಕೂಲಿ ನಲವತ್ತು ಡಾಲರು, ಜೊತೆಗೆ ಒಂದು ಡಬ್ಬಿ ಹುಳ,
ಭಾನುವಾರದ ಗಾಳಕ್ಕೆ.

ನಿಮ್ಮ ಕಸುಬು ಪಟ್ಟಿಯಿಂದ ಆರಿಸಿ.
ಹೂ ಜೋಡಿಸುವವರಿದ್ದಾರೆ, ಚಿಮಣಿ ಗುಡಿಸುವವರಿದ್ದಾರೆ,
ನಾಯಿಗೆ ಕ್ಷೌರ ಮಾಡುವವರೂ ಇದ್ದಾರೆ.
ನೀರಿಳಿದ ಕೆಸರಲ್ಲಿ ಎರಡಾಗಿ ಬಾಗಿ
ರಕ್ತಹುಳ ಅಗೆಯುವವರಿಲ್ಲ.
'ಮೀನುಗಾರಿಕೆ, ಇತರೆ' ಒತ್ತಿದಳು.
ಇತರೆ. ಹೌದಲ್ಲ, ಸುಳ್ಳೇನಿದೆ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತೇವೆ ನಾವು.
ಅಲ್ಲಿ ಕೈ ಕೆಸರಾದರೆ ಶೆಡ್ಯೂಲ್ ಸಿ,
ಮೊಸರಿಗೂ ನೂರಕ್ಕೆ ಹದಿನೈದು, ಮೇಲೆ ಚಿಲ್ಲರೆ.

ವ್ಯಾಪಾರಿಯ ಚೀಟಿಗಳ ಮೊತ್ತ ಹೊಡೆದಳು.
ತೆರೆಯ ಮೂಲೆಯ ಅಂಕಿ ಕೆಂಪಾಗಿ ಉಬ್ಬಿತು.
ತೊಡೆವರೆಗಿನ ರಬ್ಬರ್ ಬೂಟು: ಒಂಚೂರು ಇಳಿಯಿತು.
ಗುದ್ದಲಿಗೆ ಹಲ್ಲು ಬೆಸೆಸಿದ್ದು, ಪರವಾನಗಿ,
ಟ್ರಕ್ಕು ಓಡಿದ ಮೈಲಿ:
ಇಳಿಯಿತು, ಮತ್ತೂ ಇಳಿಯಿತು.
ಉಬ್ಬರವಿಳಿತ ನೋಡಿಯೇ ಮುದುಕಿಯಾದವಳು,
ಗಾಬರಿಯಾಗಲಿಲ್ಲ.
ಸೊಂಟಕ್ಕೆ ಸವಕಳಿ ಉಂಟೋ ಎಂದು ಹುಡುಕಿದಳು.
ಯಂತ್ರಕ್ಕೆ ಉಂಟು.

ಬೇರೆ ಯಾವುದಾದರೂ ಆದಾಯ?

ಆಗಸ್ಟಿನಲ್ಲಿ ಯಾರೋ ಒಬ್ಬ ಸೇತುವೆ ಪಕ್ಕ ಕಾರು ನಿಲ್ಲಿಸಿ
ಇನ್ನೂರು ಹುಳಕ್ಕೆ ನೋಟೆಣಿಸಿ ಹೋಗಿದ್ದ.
ಚೀಟಿಯಿಲ್ಲ, ಹೆಸರಿಲ್ಲ, ಕಂಡವರಿಲ್ಲ
ಒಂದು ಕಡಲಕ್ಕಿಯ ಹೊರತು.
ಕರ್ಸರ್ ಮಿಟುಕುತ್ತದೆ, ಮಿಟುಕುತ್ತದೆ,
ಅದಕ್ಕೇನು, ಬೆಳತನಕ ಮಿಟುಕೀತು.
ಕ್ಲೇಟನ್ ಆಗಿದ್ದರೆ ಕನ್ನಡಕ ತೆಗೆದು
ಅಂಗಿಯ ತುದಿಗೆ ಒರೆಸುತ್ತಿದ್ದ,
ಒರೆಸುತ್ತಲೇ ಇರುತ್ತಿದ್ದ
ಇವಳು ಬಾಯಿಬಿಡುವ ತನಕ.
ಎಂಬತ್ತು, ಎಂದು ಹೊಡೆದಳು.
ಥತ್, ಎಂದುಕೊಂಡು ಅಳಿಸಿ, ನೂರು.

ಕೊನೆಗೆ: ನೀವು ನೀವೇ ಎಂದು ತೋರಿಸಿ.
ಹೆಸರು ಬೇಡವಂತೆ, ಮುಖ ಬೇಡವಂತೆ,
ಹುಳ ಕಚ್ಚಿ ಕಚ್ಚಿ ದಪ್ಪಗಾದ ಈ ಮುಂಗೈ ಬೇಡ.
ಹೋದ ವರ್ಷ ನೀನು ಎಷ್ಟಾಗಿದ್ದೆ,
ಆ ಸಂಖ್ಯೆ ಬೇಕು.

ಬ್ರೆಡ್ ಡಬ್ಬಿಯ ಕೆಳಗೆ ಸಿಕ್ಕಿತು ಕಂದು ಲಕೋಟೆ.
ಹನ್ನೊಂದನೆಯ ಸಾಲು:
ಹತ್ತೊಂಬತ್ತು ಸಾವಿರದ ನಾನೂರ ಹನ್ನೆರಡು.
ಪಕ್ಕದ ಅಂಚಿನಲ್ಲಿ ಸೀಸದಕಡ್ಡಿಯ ಓರೆ ಅಕ್ಷರ:
'ಎಡಗಾಲ ಬೂಟು ಸೋರ್ತಿದೆ. ಹೊಸದು ತಗೊ. ರಸೀದಿ ಇಡು.'

ತಗೊಂಡಿದ್ದಳು.
ಇಟ್ಟಿದ್ದಳು.
ಅಂಕಿಗಳನ್ನು ಒಂದೊಂದಾಗಿ ಒತ್ತಿ ಕಳಿಸಿದಳು.
ಪರಿಶೀಲನೆಯಲ್ಲಿದೆ, ಎಂದಿತು ತೆರೆ,
ಎಲ್ಲರ ಬಗೆಗೂ ಹೇಳುವ ಮಾತು.

ನಸುಕಿನ ನಾಲ್ಕು ನಲವತ್ತಕ್ಕೆ ಇಳಿತ.
ಶೀಪ್‌ಸ್ಕಾಟ್ ನದಿಯ ಕೆಸರಲ್ಲಿ, ತಲೆದೀಪದ ಬೆಳಕಿನಲ್ಲಿ
ಎರಡೂ ಕಾಲು ಬೆಚ್ಚಗೆ, ಒಣಗಿ.
ಎದೆಜೇಬಿನಲ್ಲಿ ಬ್ರೆಡ್ಡಿನ ಪ್ಲಾಸ್ಟಿಕ್ ಸುತ್ತಿದ ಫೋನು
ಜುಂಯ್ ಎಂದಿತು.
ಸ್ವೀಕಾರವೋ, ತಿರಸ್ಕಾರವೋ.
ಒಡೆಟ್ ಸೊಂಟ ನೆಟ್ಟಗೆ ಮಾಡಲಿಲ್ಲ.
ಬೆರಳ ನಡುವೆ ಒಂದು ಅರ್ಧ ಹೊರಬಂದಿತ್ತು,
ಅವಸರಕ್ಕೆ ಎಳೆದರೆ ಹರಿಯುತ್ತದೆ.
ಅರ್ಧ ಹುಳಕ್ಕೆ ಬೆಲೆಯಿಲ್ಲ.