ಮೂರು ಸಲ ಟಾರ್ಚು

ಒಂದು ಆಕ್ಟಿವಾ, ಮೂರು ಮಂದಿ.
ಮುಂದ ಫಿಲು, ನಡುವ ದಾವಲ್, ಹಿಂದ ನಾನು,
ಅರ್ಧ ಸೀಟು, ಅರ್ಧ ಗಾಳಿ.
ವಾಗಾತೋರಿನ ಇಳಕಲಿನಾಗ ಬ್ರೇಕು ಹಿಡಿದಾಗೊಮ್ಮೆ
ಮೂರೂ ಮೈ ಒಂದಾಗಿ ಮುಂದಕ್ಕ ಜರಗತಾವ.
ನಂದು ತೊಂಬತ್ತೊಂದನೇ ದಿನ. ಅವಂದು ನಲವತ್ತು.
ಫಿಲು ಎಣಿಸೂದು ಬಿಟ್ಟಾಳಂತ;
ಆಕಿ ಕಪಾಟಿನ ಬಾಗಿಲ ಹಿಂದ ಪೆನ್ಸಿಲ್ ಗೀಟು ನಾ ನೋಡೀನಿ.

ಇಸ್ಪೀಟಿನ ಕಟ್ಟಿಮ್ಯಾಲೆ ಕುಂತು ಭಜನಿ ಮಾಡ್ತೀನಿ ಅನಬ್ಯಾಡ,
ಅಂದಿದ್ಲು ಮಾಪಸಾದಾಗ ಅವ್ವ, ಕೈಯಾನ ಸಿಮೆಂಟು ತೊಳಕೋತ.
ಖರೆ ಅದು. ಆದ್ರ ಇಪ್ಪತ್ಮೂರಕ್ಕ
ದಿನಾ ಎಂಟಕ್ಕ ಉಂಡು ಮಲಗೂದು ಹೆಂಗ?

ಬಾಗಿಲದಾಗ ಮಣಿಕಟ್ಟಿಗೆ ಸಿಕ್ಕಾ ಹೊಡದ್ರು, ನೀಲಿ ಮೀನು.
ದಾವಲ್ ಎಡಗೈ ಕೊಡಲಿಲ್ಲ;
ಅಲ್ಲಿ ಬ್ಯಾರೆ ಗುರುತದಾವ.

ಮೂರು ಲಿಂಬಿ ಸೋಡಾ, ಉಪ್ಪು ಜಾಸ್ತಿ.
ಎದಿ ಯಾವುದು, ಸ್ಪೀಕರ್ ಯಾವುದು
ಮೊದಲ ಗೊತ್ತಾಗ್ತಿರಲಿಲ್ಲ. ಈಗ ಗೊತ್ತಾಗ್ತದ,
ಅದ ತ್ರಾಸು.
ಫಿಲುನ ಬೆವರು ನನ್ನ ತುಟಿ ತನಕ ಬಂತು.
ವರ್ಷದ ಮಟ ಯಾರ ಕೈಯೂ ಹಿಡೀಬಾರದು, ಗುಂಪಿನ ಕಟ್ಟಳಿ.
ಆಕಿ ಕೈ ನನ್ನ ಬೆನ್ನಮ್ಯಾಲೆ ಇತ್ತು.
ಕಟ್ಟಳಿಯೊಳಗ ಬೆನ್ನಿನ ಮಾತು ಬಂದಿಲ್ಲ.

ಹೊಳ್ಳಿ ನೋಡಿದ್ರ ದಾವಲ್ ಇಲ್ಲ.

ಸಂಡಾಸಿನ ಮೂರೂ ಬಾಗಿಲ ಬಡದ್ವಿ,
ಒಂದರೊಳಗಿಂದ ರಷ್ಯನ್ ಬೈಗುಳ.
ಗೋಡಂಬಿ ಗಿಡದ ಕೆಳಗ ‘ಮಾಮಾ’ ಕುಂದ್ರತಿದ್ದ ಕುರ್ಚಿ, ಖಾಲಿ.
ಖಾಲಿ ಕುರ್ಚಿ ನೋಡಿ ನನ್ನ ಬಾಯಾಗ ನೀರು ಬಂತು.
ಫಿಲುಗ ಹೇಳಲಿಲ್ಲ. ಇಲ್ಲಿ ಬರದೀನಿ.

ಹನ್ನೆರಡು ನಿಮಿಷ.
ಪಾರ್ಕಿಂಗಿನ ಕಡಿಂದ ಬಂದ,
ಅಂಗಿ ಗುಂಡಿ ತಪ್ಪಿ ಹಾಕ್ಕೊಂಡು, ಕೈ ಗಡಗಡ.
ಫಿಲು ಅವನ ಗದ್ದ ಹಿಡದು ಮೊಬೈಲ್ ಎತ್ತಿದ್ಲು.
ಕಣ್ಣಪಾಪೆ ಅಷ್ಟಗಲ, ಹಾಳ ಬಾವಿ.
“ಏನ್ ತಗೊಂಡಿ?”
“ಏನಿಲ್ಲ.”
“ದಾವಲ್.”
“ಒಬ್ಬ ಹುಡುಗಗ ಮುತ್ತು ಕೊಟ್ಟೆ. ಕಾಣಕೋಣದಾಂವ, ಬಸ್ ಕಂಡಕ್ಟರ್.
ಏನೂ ತಗೊಳ್ಳಾರದ ಕೊಟ್ಟೆ.
ಹಲ್ಲಿಗೆ ಹಲ್ಲು ಬಡೀತು. ಎಲ್ಲಾ ಗೊತ್ತಾತು ಫಿಲು,
ಎಲ್ಲಾ ಗೊತ್ತಾತು.”

ಬೆಳಕು ಬಿದ್ರ ಪಾಪೆ ಸಣ್ಣ ಆಗಬೇಕು. ಪುಡಿ ಇದ್ರ ಲಗೂನ ಆಗೂದಿಲ್ಲ.
ಈ ಡಾಕ್ಟರಕಿ ನಮಗ ಯಾರೂ ಕಲಿಸಿದ್ದಲ್ಲ.
ತಲಿಗೆ ತಲಿ ಹಚ್ಚಿ ನೋಡಿದ್ವಿ:
ಸಾಸಿವಿಕಾಳಿನಷ್ಟಾತು.
ಟಾರ್ಚು ಸರಿಸಿದ್ರ ಮತ್ತ ಅರಳ್ತು.
ಒಂದು ಸಲ ಸಾಕಿತ್ತು. ಮೂರು ಸಲ ಮಾಡಿದ್ವಿ.
ಅಳಾಕ ಹತ್ತಿದ್ದು ದಾವಲ್ ಅಲ್ಲ, ಫಿಲು.

ನಸುಕಿನಾಗ ಆಸಗಾಂವ ತಿರುವಿಗೆ
ಪಾವಿನಾಂವ ಸೈಕಲ್ ಹಾರ್ನು ಒತ್ತಕೋತ ಬಂದ.
ಆರು ಪಾವು, ಮುರದ್ರ ಹಬಿ.
ಮಣಿಕಟ್ಟಿನ ಮೀನು ಬೆವರಿಗೆ ಅಳಿಸಿ
ಬಾಲ ಅಷ್ಟ ಉಳದಿತ್ತು.
ಗಾಡಿ ನಾ ಹೊಡದೆ, ಸಾವಕಾಶ.
ನಡುವ ಕುಂತ ಫಿಲುನ ಕೆನ್ನಿ ನನ್ನ ಬೆನ್ನಿಗಿತ್ತೋ,
ಹೆಲ್ಮೆಟ್ಟೋ, ಕೇಳಲಿಲ್ಲ.
“ತೊಂಬತ್ತೆರಡು,” ಅಂದ ಹಿಂದಿನಿಂದ ದಾವಲ್,
ಬಾಯಿತುಂಬ ಪಾವು.
ನನ್ನ ಲೆಕ್ಕ ಅದು.