ಎಲೆ ಎತ್ತಬೇಡ

ಏಪ್ರಿಲ್ ಹದಿನೈದಕ್ಕೆ ಹುಲ್ಲು ಹೊಡೆಯಲು ಶುರು ಅಂತ
ಕೌನ್ಸಿಲ್ಲಿನ ಕಾಗದ. ನನಗೂ ಅದೇ ಬೇಕು.
ಟೈವಿ ಹೊಳೆಯ ದಂಡೆಯಲ್ಲಿ, ಚಾಪೆಲ್ಲಿನ ಹಿಂದೆ,
ಈ ಸಮಾಧಿಗಳ ಅಂಗಳ ಹೂ ಬಾಡಿದ ಮೇಲೆ ನೋಡಲಾಗದು:
ಡ್ಯಾಫೊಡಿಲ್ ಎಲೆಗಳು ಸಂತೆ ಮುಗಿಸಿದ ಕುಡುಕರ ಹಾಗೆ
ಕಲ್ಲಿಗೊರಗಿ ಒಂದು, ಕಲ್ಲಿನ ಬುಡಕ್ಕೆ ಬಿದ್ದು ಒಂದು.

ಮಿಸೆಸ್ ಪ್ರೋಬರ್ಟ್ ಪ್ರತಿ ಬುಡದ ಸುತ್ತ
ಹೇಝಲ್ ಕಡ್ಡಿ ನೆಟ್ಟು ಕೆಂಪು ಉಣ್ಣೆ ಎಳೆದಿರುತ್ತಿದ್ದಳು,
ಹೆಣ ಸಿಕ್ಕ ಜಾಗಕ್ಕೆ ಪೊಲೀಸರು ಕಟ್ಟುವಂತೆ.
ಒಣಗಿದ ಹೂವಿನ ಹಿಂದೆ ಉಬ್ಬಿದ ಹಸಿರು ಗಂಟನ್ನು
ಉಗುರಲ್ಲಿ ಚಿವುಟಿ ಜೇಬಿಗೆ ಹಾಕಿಕೊಳ್ಳುವಳು:
"ಬೀಜ ಹೊರುವ ಕಷ್ಟ ಇದಕ್ಕೆ ಬೇಡ.
ಎಲೆ ಮಾತ್ರ ಮುಟ್ಟೀಯೆ ಜೋಕೆ, ಇದ್ವಲ್.
ಕೆಳಗೆ ಗಡ್ಡೆ ಇನ್ನೂ ಉಣ್ಣುತ್ತಿದೆ.
ಊಟ ಮುಗಿಯುವ ಮುಂಚೆ ಎಲೆ ಎತ್ತುತ್ತಾರೇನು?
ಆರು ವಾರ."

ಒಂದು ವರ್ಷ ಅವಳು ತಂಗಿಯ ಮನೆಗೆ ಹೋಗಿದ್ದಾಗ
ಗೇಟಿನ ಪಕ್ಕದ ಸಾಲನ್ನು ಸವರಿಬಿಟ್ಟೆ.
ಮರುವರ್ಷ ಅಲ್ಲಿ ಬರೀ ಎಲೆ. ಒಂದು ಮೊಗ್ಗಿಲ್ಲ.
ಬೈಯಲಿಲ್ಲ. ನನಗೆ ಕೇಳುವಂತೆ ಎಣಿಸಿದಳು, ಅಷ್ಟೇ:
ಇಪ್ಪತ್ಮೂರು ಗಡ್ಡೆ, ಇಪ್ಪತ್ಮೂರು ಉಪವಾಸ.

ಈ ಸಲ ಉಣ್ಣೆ ಇಲ್ಲ.
ಮಂಜುಗಟ್ಟಿದ ಮೆಟ್ಟಿಲಲ್ಲಿ ಜಾರಿ, ಸೊಂಟ ಮುರಿದುಕೊಂಡು
ಅಬೆರಿಸ್ಟ್ವಿತ್ ಆಸ್ಪತ್ರೆಯಲ್ಲಿದ್ದಾಳೆ.
ಯಂತ್ರಕ್ಕೆ ಪೆಟ್ರೋಲ್ ಸುರಿದೆ. ಹಗ್ಗ ಎಳೆದೆ.
ಮೊದಲ ಬುಡದ ಮುಂದೆ ನಿಂತೆ.
ಕಡ್ಡಿ ಇದ್ದಿದ್ದರೆ ಸುಲಭವಿತ್ತು,
ಬೈದುಕೊಂಡು ಬಳಸಿ ಹೋಗುತ್ತಿದ್ದೆ.

ಬಿಡಿಭಾಗ ಬರಬೇಕು ಅಂತ ಕೌನ್ಸಿಲ್ಲಿನ ಹುಡುಗನಿಗೆ ಸುಳ್ಳು ಹೇಳಿದೆ.
ಮತ್ತೆ ಬಂದು ಫೋಟೋ ತೆಗೆದುಕೊಂಡು ಹೋದ.
ಸಂಜೆ ನನ್ನ ಒಲೆಯ ಬೂದಿ, ಬುಡಕ್ಕೊಂದು ಹಿಡಿ.
ಯಾರೂ ಹೇಳಿರಲಿಲ್ಲ.
ಎಲೆ ಮೇ ಕೊನೆಗೆ ಹಳದಿ, ಜೂನಿಗೆ ಒಣಹುಲ್ಲು,
ಆಮೇಲೆ ಎಳೆಯದೆಯೇ ಕೈಗೆ ಬಂತು.

ಜುಲೈ. ತಂಗಿಯ ಕಾರು, ಊರುಗೋಲು, ಮಿಸೆಸ್ ಪ್ರೋಬರ್ಟ್.
ಗೇಟು ತೆರೆಯಲಾಗದಷ್ಟು ಹುಲ್ಲು.
"ಥೂ, ಇದೇನೋ ಅವತಾರ!
ನಮ್ಮಮ್ಮನ ಹೆಸರೇ ಕಾಣಿಸುತ್ತಿಲ್ಲ.
ಆರು ವಾರ ಅಂದರೆ ಆರು ವಾರ.
ಹನ್ನೆರಡು ಅಂದಿದ್ದೆನಾ?"

ಉಂಡದ್ದು ಮುಗಿಯಿತೋ ಇಲ್ಲವೋ
ಗೊತ್ತಾಗಲಿಲ್ಲ, ಅಂದೆ.

ಊರುಗೋಲಿನ ತುದಿಯಿಂದ ಮಣ್ಣು ಕುಟ್ಟಿ ನೋಡಿದಳು.
ಬಹಳ ಹೊತ್ತು, ಬಾಗಿಲು ತಟ್ಟಿ ಕಾಯುವವರ ಹಾಗೆ.
"ಗುದ್ದಲಿ ತಾ," ಅಂದಳು.
"ಮೊದಲು ಗೇಟಿನ ಸಾಲು."