ಒಂದೇ ಅಚ್ಚು

ಮೂರನೇ ಸಲ ಬಾಲ್ ಜಾಯಿಂಟ್ ಕಿತ್ತುಬಂದ ದಿನ
ಎಡ ಚಕ್ರ ಮಲಗಿಬಿಟ್ಟಿತ್ತು ದಾರಿ ನಡುವೆ,
ಚಂಡಿ ಹಿಡಿದ ಕೂಸಿನ ಹಾಗೆ ಕಾಲು ಅಗಲಿಸಿ.
ಹಿಂದೆ ಹದಿನಾಲ್ಕು ಕ್ಯಾನು ಡೀಸೆಲ್ಲು.
ಮೇಲೆ ಗುಡ್ಡದ ನೆತ್ತಿಯಲ್ಲಿ ಟವರು,
ಅದರ ಜನರೇಟರು ಎರಡು ಸಲ ಕೆಮ್ಮಿ ಸುಮ್ಮನಾಗಿ
ನಗರದ ಆಚೆಗಿನ ಎಂಟು ಊರು
ಒಟ್ಟಿಗೇ ಮಾತು ನಿಲ್ಲಿಸಿದ್ದವು.

ಎಳೆಸಿಕೊಂಡು ಶಿವಮೊಗ್ಗಕ್ಕೆ ತಂದೆ.
ಆಟೋ ಕಾಂಪ್ಲೆಕ್ಸಿನ ಕೊನೇ ಸಾಲು, ಬುಡೇನ್ ಸಾಬರ ಗ್ಯಾರೇಜು.
ಅಡಿಗೆ ತೂರಿದವರು ಅಲ್ಲಿಂದಲೇ ಕೇಳಿದರು:
"ಗುತ್ಯಪ್ಪಣ್ಣ, ಇದನ್ನ ಎಲ್ಲಿಗೆ ಅಂತ ಮಾಡಿದಾರೆ, ಗೊತ್ತಾ?"
"ಇಲ್ಲ."
"ರೋಡಿಗೆ."

ಎರಡು ಕಡೆ ಎರಡು ತೋಳು, ಅವರವರ ಪಾಡು ಅವರಿಗೆ.
ಈ ಚಕ್ರ ಗುಂಡಿಗಿಳಿದರೆ ಆ ಚಕ್ರಕ್ಕೆ ಸುದ್ದಿಯೇ ಇಲ್ಲ.
ಡಾಂಬರಿನ ಮೇಲೆ ಅದು ದೊಡ್ಡ ಸುಖ:
ರಿಪ್ಪನ್‌ಪೇಟೆ ತನಕ ಚಾ ಲೋಟ ತುಳುಕಿದ್ದಿಲ್ಲ.
ಗುಡ್ಡದಲ್ಲಿ ಮಾತ್ರ
ಒಂದೊಂದು ಕಲ್ಲನ್ನೂ ಒಂದೊಂದು ತೋಳೇ ಹೊರಬೇಕು.

"ಕಿತ್ತು ಹಾಕಿ ಒಂದೇ ಅಚ್ಚು ಕೂರಿಸೋಣ," ಅಂದರು.

ಅಚ್ಚು ಭದ್ರಾವತಿಯ ಗುಜರಿಯಲ್ಲಿ ಸಿಕ್ಕಿತು.
ಯಾವುದೋ ಮಿಲಿಟರಿ ಜೀಪಿನದು,
ಹಸಿರಿನ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ತುಕ್ಕು.
ರೇಟು ಕೇಳುವ ಮುಂಚೆ ಸಾಬರು ಬಗ್ಗಿ ನೋಡಿದ್ದು ಒಂದನ್ನೇ,
ಕ್ರೌನಿನ ಗುಂಡು ಬಲಕ್ಕಿದೆಯೋ, ಎಡಕ್ಕಿದೆಯೋ.
ತಪ್ಪು ಕಡೆಯಿದ್ದರೆ ಶಾಫ್ಟು ಕೂಡುವುದಿಲ್ಲ,
ಎಷ್ಟೇ ಒಳ್ಳೇ ಮನೆತನವಾದರೂ.

ಗ್ಯಾಸ್ ಕಟರು ಹಿಡಿದವನು ಆರೋಗ್ಯಸ್ವಾಮಿ,
ಕಬ್ಬಿಣದ ಕಾರ್ಖಾನೆಯಲ್ಲಿ ಹದಿನೇಳು ವರ್ಷ, ಮಾತು ಕಡಿಮೆ.
ನಾಲ್ಕು ವರ್ಷ ನಾನು ಗ್ರೀಸು ತಿನ್ನಿಸಿದ ತೋಳುಗಳು
ಸಿಮೆಂಟಿನ ಮೇಲೆ ಬಿದ್ದ ಸದ್ದಿಗೆ
ಹೊರಗೆ ಹೋಗಿ ಬೀಡಿ ಹಚ್ಚಿದೆ.
ಫೈನಾನ್ಸಿನವರಿಗೆ ಇನ್ನೂ ಏಳು ಕಂತು ಬಾಕಿ.
ಲೆಕ್ಕ ಹಾಕಿದರೆ, ಅವನು ಕೊಯ್ಯುತ್ತಿದ್ದದ್ದು
ಪೂರ್ತಿ ನನ್ನ ಗಾಡಿಯೇ ಅಲ್ಲ.

ಛಾಸಿಸ್ ಮೇಲೆ ಸೀಮೆಸುಣ್ಣದ ಗೀರು, ಅಡ್ಡಲಾಗಿ ನೂಲು,
ಸಾಬರ ಮೊಮ್ಮಗಳ ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ.
"ಕಿಂಗ್ ಪಿನ್ನು ಆರು ಡಿಗ್ರಿ ಹಿಂದಕ್ಕೆ ಒರಗಬೇಕು,
ಉಂಡಮೇಲೆ ಗೋಡೆಗೆ ಒರಗ್ತೀವಲ್ಲ, ಅಷ್ಟು."
ಪಟ್ಟಾ ಕಡೆಗೈದು ಎಲೆ. ಯು ಬೋಲ್ಟು ನಾಲ್ಕು.
ಅಚ್ಚುಕಟ್ಟು ಎಂಬ ಮಾತು ಹುಟ್ಟಿದ್ದು
ಇಂಥದೇ ಯಾವುದೋ ಗ್ಯಾರೇಜಿನಲ್ಲೋ ಏನೋ.
ಅಚ್ಚು ಕಟ್ಟುವಾಗ ನೂಲಿನಷ್ಟು ಓರೆಯಾದರೂ
ರಸ್ತೆ ಹೇಳಿಬಿಡುತ್ತದೆ.

ಹೇಳಿತು.
ಗಾಡಿಕೊಪ್ಪದ ಹಂಪು ಹತ್ತಿದ್ದೇ ತಡ
ನಾನು ತಿರುಗಿಸದೆ ಸ್ಟೇರಿಂಗು ಎಡಕ್ಕೆ, ಇಳಿದಾಗ ಬಲಕ್ಕೆ,
ಇನ್ನೊಬ್ಬ ಡ್ರೈವರು ಅಡಿಯಲ್ಲಿ ಕೂತಿದ್ದಾನೆ ಅನ್ನುವಂತೆ.
ಡ್ಯಾಶ್‌ಬೋರ್ಡಿನ ನಿಂಬೆಹಣ್ಣು ಉರುಳಿ ಕ್ಲಚ್ಚಿನ ಬುಡಕ್ಕೆ.
ಪಕ್ಕದಲ್ಲಿ ಸಾಬರು ಕಣ್ಣುಮುಚ್ಚಿ ಆಲಿಸುತ್ತಿದ್ದರು.
"ಡ್ರ್ಯಾಗ್ ಲಿಂಕು. ಇಳಿಜಾರು ಜಾಸ್ತಿ. ನನ್ನ ತಪ್ಪು."
ಮೂವತ್ತು ವರ್ಷದ ಡ್ರೈವರಿಕೆಯಲ್ಲಿ
ಮೆಕ್ಯಾನಿಕ್ಕೊಬ್ಬನ ಬಾಯಲ್ಲಿ
ಆ ಎರಡು ಪದ ಕೇಳಿದ್ದು ಅದೇ ಮೊದಲು.

ಆ ರಾತ್ರಿ ಕರೆಂಟು ಹೋಗಿ, ಬಂದು, ಹೋಗಿ
ಲಿಂಕಿನ ತೋಳು ಎರಡು ಬೆರಳು ಮೇಲೇರುವ ಹೊತ್ತಿಗೆ ಬೆಳಗಿನ ಆಜಾನ್.
ಬ್ಯಾಟರಿ ಹಿಡಿದು ಹಿಡಿದು ತಲೆಗೇರಿತ್ತು ನನಗೆ:
"ಸಾಬರೇ, ಇದು ಒಂಥರಾ ಸಂಸಾರದ ಹಾಗೆ, ಅಲ್ವಾ?"
"ಇದು ಅಚ್ಚಿನ ಹಾಗೆ," ಅಂದರು.
"ಸಾವಿರ ಕಿಲೋಮೀಟರಿಗೆ ಬೋಲ್ಟು ಬಿಗಿ ಮಾಡಿಸು."

ಗುರುವಾರ ಹತ್ತಿದೆ.
ಸುಖ ಹೋಯಿತು, ಸುಳ್ಳು ಯಾಕೆ.
ಎಡಕ್ಕೆ ಸಿಕ್ಕ ಗುಂಡಿ ಬಲಕ್ಕೂ ಗೊತ್ತು,
ನನ್ನ ಸೊಂಟಕ್ಕೂ ಗೊತ್ತು.
ಆದರೆ ಮೂರು ಸಲ ಮಲಗಿದ ಆ ತಿರುವಿನಲ್ಲಿ
ಎಡಗಾಲು ಬಂಡೆಯೇರಿ
ಬಲಗಾಲನ್ನು ನೆಲಕ್ಕೆ ಒತ್ತಿ ಹಿಡಿದು
ಸ್ವಲ್ಪ ಯೋಚಿಸಿ
ಹತ್ತಿತು.

ಜನರೇಟರು ಹಿಡಿಯಿತು. ಎಂಟು ಊರು ಬಾಯಿಬಿಟ್ಟವು.
ಎಲ್ಲಕ್ಕಿಂತ ಮೊದಲು ನನ್ನ ಜೇಬು:
ಫೈನಾನ್ಸಿನ ಹುಡುಗಿ. ಕಂತು ಕೇಳಿ, ಕೊನೆಗೆ
"ಗಾಡಿ ಕಂಡೀಶನ್ ಹೇಗಿದೆ, ಸರ್?"

ಬಗ್ಗಿ ನೋಡಿದೆ.
ಕೆಸರಿನ ಸಂದಿಯಲ್ಲಿ ಹಳೇ ಹಸಿರು.
"ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ," ಅಂದೆ.